ಬೂಸಾ, ಬೂಷ್ಟು ಮತ್ತು ಕಿಣ್ವ

ನೆನೆದ ಹುಲ್ಲಿನ ಬಣವೆಗೆ ಬೂಷ್ಟು ಹಿಡಿದರೆ ಅದು ರೈತನ ಪಾಲಿಗೆ ನಷ್ಟ. ತಕ್ಕ ಬೂಷ್ಟನ್ನು ಆರಿಸಿ ಹದವರಿತು ಬೆಳೆಸಿದರೆ ಅದೇ ಕೈಗಾರಿಕಾ ಕಿಣ್ವಗಳ ಮೂಲವಾಗುತ್ತದೆ. ಬೂಷ್ಟು ಒಂದು ಬಗೆಯ ಶಿಲೀಂಧ್ರ. ಶಿಲೀಂಧ್ರಗಳಿಗೆ ಬಾಯಿಯಾಗಲಿ ಜಠರವಾಗಲಿ ಇಲ್ಲ. ಅವು ಸುತ್ತಲಿನ ಆಹಾರದ ಮೇಲೆ ಕಿಣ್ವಗಳನ್ನು ಸ್ರವಿಸಿ, ಪಿಷ್ಟ, ಸೆಲ್ಯುಲೋಸ್, ಪೆಕ್ಟಿನ್‌ಗಳನ್ನು ಅಲ್ಲಿಯೇ ಒಡೆದು, ಬಳಿಕ ಹೀರಿಕೊಳ್ಳುತ್ತವೆ. ಕಿಣ್ವವು ಜೀವಕೋಶದ ಹೊರಗೇ ದೊರೆಯುವುದರಿಂದ ಅದನ್ನು ಸಂಗ್ರಹಿಸುವುದು ಸುಲಭ.

ಇದನ್ನು ಆಧುನಿಕ ಉದ್ಯಮವಾಗಿ ರೂಪಿಸಿದವರಲ್ಲಿ ಮೊದಲಿಗರು ಅಮೆರಿಕಕ್ಕೆ ವಲಸೆ ಬಂದ ಜಪಾನಿನ ಜೋಕಿಚಿ ತಕಾಮಿನೆ. ಸಾಕೆ ಮದ್ಯಕ್ಕೂ ಸೋಯಾ ಸಾಸಿಗೂ ಬಳಸುವ ಕೋಜಿ ಬೂಷ್ಟನ್ನು ಅವರು ಗೋಧಿ ಬೂಸಾದ ಮೇಲೆ ಬೆಳೆಸಿ, ಪಿಷ್ಟವನ್ನು ಕರಗಿಸುವ ಡಯಾಸ್ಟೇಸನ್ನು ತೆಗೆದು, 1894ರಲ್ಲಿ ಪೇಟೆಂಟ್ ಪಡೆದರು.

ಇಂದಿಗೂ ವಿಧಾನದ ಮೂಲತತ್ತ್ವ ಅದೇ. ಬೂಸಾ, ತೌಡು ಅಥವಾ ಹುಲ್ಲನ್ನು ನೀರಿನಿಂದ ತೇವಗೊಳಿಸಿ, ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿ, ಆರಿದ ಮೇಲೆ ಬೀಜಾಣುಗಳನ್ನು ಬೆರೆಸುತ್ತಾರೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕೆಲವು ದಿನಗಳೊಳಗೆ ಬಿಳಿಯ ತಂತುಗಳು ಕಣಕಣವನ್ನೂ ಆವರಿಸುತ್ತವೆ. ಆಮೇಲೆ ನೀರಿನಲ್ಲಿ ಕಲಸಿ ಸೋಸಿದರೆ ಕಿಣ್ವವುಳ್ಳ ದ್ರವ ಕೈಸೇರುತ್ತದೆ. ಇದಕ್ಕೆ ಘನಸ್ಥಿತಿ ಹುದುಗುವಿಕೆ ಎಂದು ಹೆಸರು.

ಕಷ್ಟವಿರುವುದು ಪ್ರಮಾಣವನ್ನು ಹಿಗ್ಗಿಸುವುದರಲ್ಲಿ. ಬೆಳೆಯುವ ಶಿಲೀಂಧ್ರ ಶಾಖವನ್ನು ಹೊರಸೂಸುತ್ತದೆ. ಆದರೆ ಬೂಸಾದ ರಾಶಿಯಲ್ಲಿ ಶಾಖ ಸುಲಭವಾಗಿ ಹರಿಯದು. ನಡುಭಾಗ ಕಾದು ಶಿಲೀಂಧ್ರ ಸೊರಗುತ್ತದೆ. ತಂಪಿಗಾಗಿ ಒಣಗಾಳಿ ಹಾಯಿಸಿದರೆ ತೇವ ಆರುತ್ತದೆ. ಕೆದಕಿದರೆ ತಂತುಗಳು ತುಂಡಾಗುತ್ತವೆ. ತೇವಭರಿತ ಗಾಳಿ ಹಾಗೂ ತೆಳುವಾದ ತಟ್ಟೆಗಳು ಇದಕ್ಕೆ ರೂಢಿಯ ಪರಿಹಾರ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಈ ತೊಡಕುಗಳ ಬಗ್ಗೆ 1980ರ ದಶಕದಲ್ಲಿಯೇ ಮಹತ್ವದ ಅಧ್ಯಯನ ನಡೆಸಿತು. 1978ರಲ್ಲಿ ಆರಂಭವಾದ ಬೆಂಗಳೂರಿನ ಬಯೋಕಾನ್ ಇದೇ ವಿಧಾನದಿಂದ ಕಿಣ್ವಗಳನ್ನು ತಯಾರಿಸಿ ಬೆಳೆಯಿತು. 2007ರಲ್ಲಿ ತನ್ನ ಕಿಣ್ವ ವಿಭಾಗವನ್ನು ನೋವೋಝೈಮ್ಸ್‌ಗೆ ಮಾರಿತು.

ಹೀಗೆ ದೊರೆತ ಪೆಕ್ಟಿನೇಸ್ ಹಣ್ಣಿನ ರಸವನ್ನು ತಿಳಿಯಾಗಿಸುತ್ತದೆ. ಝೈಲನೇಸ್ ಕಾಗದದ ತಿರುಳಿಗೆ ಬೇಕಾಗುವ ಕ್ಲೋರಿನ್ನನ್ನು ತಗ್ಗಿಸುತ್ತದೆ. ಸೆಲ್ಯುಲೇಸ್‌ನ ಕಥೆ ಯುದ್ಧಭೂಮಿಯದು. ಎರಡನೆಯ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೇನೆಯ ಹತ್ತಿಬಟ್ಟೆಯ ಡೇರೆಗಳನ್ನು ಕೊಳೆಸಿದ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಸಂತತಿಯೇ ಇಂದು ಈ ಕಿಣ್ವದ ಪ್ರಮುಖ ಆಕರ.

ಸೆಲ್ಯುಲೇಸ್‌ನ ಬೆಲೆ ಈಗ ಉತ್ತರ ಭಾರತದ ಗಾಳಿಗೂ ಸಂಬಂಧಿಸಿದೆ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆ ಸುಡುವ ಹೊಗೆ ಪ್ರತಿವರ್ಷ ದೆಹಲಿಯನ್ನು ಆವರಿಸುತ್ತದೆ. ಆ ಹುಲ್ಲಿನಿಂದ ಎಥನಾಲ್ ತೆಗೆಯುವ ಘಟಕ 2022ರಲ್ಲಿ ಪಾಣಿಪತ್ತಿನಲ್ಲಿ ಉದ್ಘಾಟನೆಗೊಂಡಿತು. ಹುಲ್ಲಿನ ಸೆಲ್ಯುಲೋಸನ್ನು ಲಿಗ್ನಿನ್ ಬಿಗಿದಿಟ್ಟಿರುವುದರಿಂದ ಮೊದಲು ಅದನ್ನು ಸಡಿಲಿಸಬೇಕು. ಆಮೇಲೆಯೂ ಬಹಳಷ್ಟು ಕಿಣ್ವ ಬೇಕು. ಅದು ದುಬಾರಿಯಾದಷ್ಟೂ ಹುಲ್ಲಿಗೆ ಕೊಡಬಹುದಾದ ಬೆಲೆ ಇಳಿಯುತ್ತದೆ, ರೈತನಿಗೆ ಬೆಂಕಿಯೇ ಅಗ್ಗವೆನಿಸುತ್ತದೆ. ಅದೇ ಹುಲ್ಲಿನ ಮೇಲೆ, ಘಟಕದ ಬಳಿಯಲ್ಲೇ ಕಿಣ್ವ ಬೆಳೆಸುವ ಯತ್ನಗಳಿಗೆ ಮಹತ್ವ ಬಂದಿರುವುದು ಈ ಕಾರಣದಿಂದ.