ಚಿತ್ರ 1959ರದು, ಅಡಿಟಿಪ್ಪಣಿ ಯಾವ ವರ್ಷದ್ದು?

12ನೇ ಶತಮಾನದ ಶರಣರ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಇರುವುದು ಬೀದರ ಜಿಲ್ಲೆಯಲ್ಲಿ. ಬೀದರ, ಭಾಲ್ಕಿ, ಔರಾದಗಳ ವಿದ್ಯಾರ್ಥಿ ಬಸವಣ್ಣನವರನ್ನು ಕುರಿತು ಪ್ರಬಂಧ ಬರೆಯಲು ಹೊರಟರೆ, ಗ್ರಂಥಾಲಯದ ಜೊತೆಗೆ ಯೂಟ್ಯೂಬ್ ಕೂಡ ಈಗ ಕೈಗೆಟಕುವ ಆಕರ. ತೊಡಕು ಇರುವುದು ಅಡಿಟಿಪ್ಪಣಿಯಲ್ಲಿ.

ಎರಡು ಚಿತ್ರಗಳನ್ನೇ ನೋಡೋಣ. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ 'ಜಗಜ್ಯೋತಿ ಬಸವೇಶ್ವರ' 1959ರದು, ಕೆ.ಎಸ್.ಎಲ್. ಸ್ವಾಮಿಯವರ 'ಕ್ರಾಂತಿಯೋಗಿ ಬಸವಣ್ಣ' 1983ರದು. 'ಬಸವಣ್ಣ ಚಿತ್ರ, ಯೂಟ್ಯೂಬ್' ಎಂದಷ್ಟೇ ಬರೆದರೆ ಯಾವುದೆಂದು ತಿಳಿಯುವುದು ಹೇಗೆ? ಯೂಟ್ಯೂಬ್ ಹುಟ್ಟಿದ್ದೇ 2005ರಲ್ಲಿ. ಅಲ್ಲಿ ಕಾಣುವ ದಿನಾಂಕ ಚಿತ್ರವನ್ನು ಯಾರೋ ಅಲ್ಲಿಗೆ ಹಾಕಿದ ದಿನದ್ದು, ಬಿಡುಗಡೆಯದಲ್ಲ. ಅದನ್ನೇ ನಮೂದಿಸಿದರೆ 1959ರ ಜನ ಬಸವಣ್ಣನವರನ್ನು ಕಂಡ ಬಗೆ ಈ ಕಾಲದ್ದೆಂದಾಗಿ, ಪ್ರಬಂಧದ ವಾದವೇ ಬುಡಮೇಲಾಗುತ್ತದೆ.

ಆದ್ದರಿಂದ ಚಿತ್ರದ ಹೆಸರು, ನಿರ್ದೇಶಕ, ನಿರ್ಮಾಣ ಸಂಸ್ಥೆ, ಬಿಡುಗಡೆಯ ವರ್ಷ ಮೊದಲು. ನೋಡಿದ ಜಾಲತಾಣ ಅನಂತರ. ಎಪಿಎ ಪದ್ಧತಿ ನಿರ್ದೇಶಕರ ಹೆಸರಿನಿಂದ ಆರಂಭಿಸಿದರೆ, ಎಂಎಲ್‌ಎ ಸಾಮಾನ್ಯವಾಗಿ ಚಿತ್ರದ ಹೆಸರಿನಿಂದ ಆರಂಭಿಸುತ್ತದೆ. ಯಾವುದನ್ನಾದರೂ ಅನುಸರಿಸಬಹುದು, ಬೆರೆಸಬಾರದು. ಉಪನ್ಯಾಸದ ವಿಡಿಯೊ ಆದರೆ ಚಾನೆಲ್, ಶೀರ್ಷಿಕೆ, ಹಾಕಿದ ದಿನಾಂಕ, ಪೂರ್ಣ ವಿಳಾಸ ಬೇಕು. ಚಾನೆಲ್ ಒಬ್ಬರದು, ಮಾತು ಇನ್ನೊಬ್ಬರದು ಆಗಿದ್ದರೆ ಮಾತನಾಡಿದವರ ಹೆಸರನ್ನು ವಾಕ್ಯದಲ್ಲೇ ಹೇಳಬೇಕು.

ಪುಸ್ತಕಕ್ಕೆ ಪುಟಸಂಖ್ಯೆ ಇದ್ದಂತೆ ವಿಡಿಯೊಗೆ ನಿಮಿಷ, ಸೆಕೆಂಡು. ಮೂರು ಗಂಟೆಯ ಚಿತ್ರದಲ್ಲಿ ಒಂದು ಸಂಭಾಷಣೆಯನ್ನು ಪರೀಕ್ಷಕರು ಹುಡುಕುತ್ತ ಕೂರಲಾರರು. ವಿಡಿಯೊ ನಾಳೆ ಅಳಿಸಿಹೋಗಲೂಬಹುದು. ನೋಡಿದ ದಿನಾಂಕವನ್ನೂ ಬರೆದಿಟ್ಟಿದ್ದರೆ ವಿದ್ಯಾರ್ಥಿಯ ಮಾತಿಗೆ ಅಷ್ಟಾದರೂ ಆಧಾರ ಉಳಿಯುತ್ತದೆ.