ಪ್ರತಿಭಾ ಪುರಸ್ಕಾರ: ಸನ್ಮಾನದೊಡನೆ ಸಂಕಲ್ಪವೂ ಇರಲಿ

ಕಡೂರು ತಾಲ್ಲೂಕಿನ ದೇವನೂರು ಕವಿ ಲಕ್ಷ್ಮೀಶನಿಂದ ಹೆಸರಾದ ಊರು. ಆತನ ಜೈಮಿನಿ ಭಾರತವು ಶತಮಾನಗಳಿಂದ ನಾಡಿನ ಹಳ್ಳಿಹಳ್ಳಿಗಳಲ್ಲಿ ವಾಚನಗೊಂಡಿದೆ. ವಿದ್ವತ್ತು ಕೇವಲ ಪಟ್ಟಣದ ಸೊತ್ತಲ್ಲ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಇಂತಹ ಊರುಗಳ ಮಕ್ಕಳನ್ನು ಗುರುತಿಸಿ ಗೌರವಿಸುವ ಪ್ರತಿಭಾ ಪುರಸ್ಕಾರ ಸಮಾರಂಭಗಳು ಇಂದು ಎಲ್ಲೆಡೆ ನಡೆಯುತ್ತಿವೆ. ಅವು ಮಕ್ಕಳಿಗೆ ನಿಜವಾಗಿ ಉಪಯುಕ್ತವಾಗಬೇಕಾದರೆ ಹೇಗೆ ಏರ್ಪಡಬೇಕು ಎಂಬುದು ವಿಚಾರಾರ್ಹ.

ವಿದ್ಯಾರ್ಥಿಗೆ ಆಸರೆಯಾಗುವುದು ನಮ್ಮ ಸಮಾಜಕ್ಕೆ ಹೊಸದಲ್ಲ. 1883ರಲ್ಲಿಯೇ ಧಾರವಾಡದಲ್ಲಿ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಮೊದಲಾದ ಹಿರಿಯರು ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗಲು ಸಂಸ್ಥೆಯೊಂದನ್ನು ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಜನ್ಮತಾಳಿತು. ಆ ಹಿರಿಯರು ಮೊದಲು ನೋಡಿದ್ದು ವಿದ್ಯಾರ್ಥಿಯ ಅಗತ್ಯವನ್ನು, ಹಾರ ತುರಾಯಿಗಳನ್ನಲ್ಲ.

ಆದುದರಿಂದ ಯೋಜನೆಯಲ್ಲಿ ಮೊದಲ ವಿಚಾರ ಕಾಲದ್ದು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಕಾಲೇಜಿನ ಪ್ರವೇಶ, ಶುಲ್ಕ, ಪುಸ್ತಕ, ವಿದ್ಯಾರ್ಥಿ ನಿಲಯಗಳ ಚಿಂತೆ ಮನೆಯವರನ್ನು ಕಾಡತೊಡಗುತ್ತದೆ. ಹಳ್ಳಿಯ ಹುಡುಗಿ ಕಡೂರಿಗೋ ಚಿಕ್ಕಮಗಳೂರಿಗೋ ಹೋಗಿ ಓದಬೇಕೆಂದರೆ ಬಸ್ಸಿನ ವೆಚ್ಚವೂ ದೊಡ್ಡದೇ. ದೀಪಾವಳಿ ಕಳೆದ ಮೇಲೆ ಕೈಗೆ ಬರುವ ಲಕೋಟೆಯು ಅಷ್ಟರಲ್ಲಿ ಓದು ಬಿಟ್ಟವಳಿಗೆ ಯಾವ ಪ್ರಯೋಜನ? ಸಮಾರಂಭವನ್ನು ಮುಂಗಾರಿನ ಆರಂಭದಲ್ಲಿಯೇ ಇಟ್ಟುಕೊಳ್ಳುವುದು ಲೇಸು. ಅದು ಸಾಧ್ಯವಾಗದಿದ್ದರೆ ಸಹಾಯಧನವನ್ನಾದರೂ ಮೊದಲೇ ತಲುಪಿಸಿ, ಸನ್ಮಾನವನ್ನು ಅನಂತರ ಮಾಡಬಹುದು.

ಎರಡನೆಯದು ಆಯ್ಕೆ. ಶೇಕಡ 85 ಎಂಬ ಗೆರೆ ಎಳೆದರೆ ಪಟ್ಟಿ ಮಾಡುವುದು ಸುಲಭ. ಆದರೆ ರಜೆಯಲ್ಲಿ ತಂದೆಯೊಡನೆ ಕೂಲಿಗೆ ಹೋಗುತ್ತ, ರಾತ್ರಿ ಓದಿ ಶೇಕಡ 70 ಗಳಿಸಿದ ಬಾಲಕ ಆ ಗೆರೆಯಾಚೆ ಉಳಿದುಬಿಡುತ್ತಾನೆ. ಅಮೆರಿಕದಲ್ಲಿ 1921ರಲ್ಲಿ ಸ್ಥಾಪಿತವಾದ ನ್ಯಾಷನಲ್ ಆನರ್ ಸೊಸೈಟಿಯು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಾಗ ವಿದ್ವತ್ತು, ಸೇವೆ, ನಾಯಕತ್ವ, ಶೀಲ ಎಂಬ ನಾಲ್ಕನ್ನು ನೋಡುತ್ತದೆ. ಅಲ್ಲಿನ ಸೇರ್ಪಡೆ ಸಮಾರಂಭಗಳಲ್ಲಿ ಒಂದೊಂದು ಗುಣದ ಹೆಸರಿನಲ್ಲಿ ದೀಪ ಬೆಳಗಿಸಿ, ವಿದ್ಯಾರ್ಥಿಗಳು ಪ್ರತಿಜ್ಞೆ ಸ್ವೀಕರಿಸುವ ರೂಢಿಯಿದೆ. ಕಾಯಕ, ದಾಸೋಹಗಳನ್ನು ಬಲ್ಲ ನಮಗೆ ಈ ಭಾವನೆ ಹೊರಗಿನದೇನೂ ಅಲ್ಲ. ಅಂಕಪಟ್ಟಿಯೊಡನೆ ಶಾಲೆಯ ಉಪಾಧ್ಯಾಯರ ಅಭಿಪ್ರಾಯವನ್ನೂ ಕೇಳಿ, ಪರಿಶ್ರಮ ಮತ್ತು ಸೇವೆಗಳಿಗಾಗಿ ಕೆಲವು ಪುರಸ್ಕಾರಗಳನ್ನು ಮೀಸಲಿಡಬೇಕು. ಕನ್ನಡದಲ್ಲಿ ಹೆಚ್ಚಿನ ಅಂಕ ಗಳಿಸಿದವರಿಗೆ ಜೈಮಿನಿ ಭಾರತದ ಪ್ರತಿಯೊಂದನ್ನು ನೀಡಿದರೆ ದೇವನೂರಿನ ಹೆಸರಿಗೂ ಸಲ್ಲುವಂತಾಗುತ್ತದೆ.

ಮೂರನೆಯದು ವೇದಿಕೆಯ ವ್ಯವಸ್ಥೆ. ಹನ್ನೊಂದು ಗಂಟೆಗೆಂದು ಕರೆದು, ಭಾಷಣಗಳೆಲ್ಲ ಮುಗಿದ ಮೇಲೆ, ಹಸಿದ ಮಕ್ಕಳನ್ನು ಅವಸರದಿಂದ ಸಾಲಾಗಿ ನಿಲ್ಲಿಸುವುದು ಸರಿಯಲ್ಲ. ಪ್ರಾರ್ಥನೆ, ಸ್ವಾಗತಗಳಾದೊಡನೆ ಪುರಸ್ಕಾರ ನಡೆಯಲಿ. ಆಶೀರ್ವಚನ ಅನಂತರ ಇರಲಿ. ಅತಿಥಿಗಳು ಇಬ್ಬರು ಮೂವರಿದ್ದರೆ ಸಾಕು. ಪ್ರತಿ ಮಗುವಿನ ಹೆಸರು, ಊರು, ಶಾಲೆಗಳನ್ನು ಮುಂಚಿತವಾಗಿ ಬರೆದುಕೊಂಡು ತಪ್ಪಿಲ್ಲದೆ ಓದಬೇಕು. ತಂದೆತಾಯಿಗಳನ್ನೂ ಜೊತೆಗೆ ವೇದಿಕೆಗೆ ಕರೆಯಬೇಕು. ಮಗಳ ಓದಿಗಾಗಿ ಮನೆಗೆಲಸವನ್ನೆಲ್ಲ ತಾನೇ ಹೊತ್ತ ತಾಯಿಗೆ ಅದು ಬಾಳಿನ ಮೊದಲ ಸನ್ಮಾನವೂ ಆಗಿರಬಹುದು. ಶಾಲು, ಸ್ಮರಣಿಕೆ, ಶಾಮಿಯಾನಗಳ ವೆಚ್ಚದಲ್ಲಿ ಮಿತಿ ಸಾಧಿಸಿ, ಉಳಿದ ಹಣವನ್ನು ವಿದ್ಯಾರ್ಥಿವೇತನಕ್ಕೆ ಸೇರಿಸುವುದು ಶ್ರೇಯಸ್ಕರ.

ಕೊನೆಯದು, ಮುಖ್ಯವಾದುದು, ಸಂಕಲ್ಪ. ಪುರಸ್ಕೃತರೆಲ್ಲ ದೀಪದ ಮುಂದೆ ನಿಂತು, ವರ್ಷದಲ್ಲಿ ಕೆಲವು ಭಾನುವಾರಗಳಂದು ತಮ್ಮೂರಿನ ಕಿರಿಯ ಮಕ್ಕಳಿಗೆ ಪಾಠ ಹೇಳಿಕೊಡುವೆವೆಂದು ಮಾತು ಕೊಡಲಿ. ಆ ಮಕ್ಕಳು ಯಾವ ಮನೆಯವರೇ ಆಗಲಿ, ಭೇದವೆಣಿಸುವುದು ಬೇಡ. ಮರುವರ್ಷದ ಸಮಾರಂಭದಲ್ಲಿ ಹಿಂದಿನ ವರ್ಷದವರು ತಾವು ಮಾಡಿದ ಸೇವೆಯನ್ನು ನಾಲ್ಕು ಮಾತಿನಲ್ಲಿ ನಿವೇದಿಸಲಿ.

ಕೊರಳಿಗೆ ಹಾಕಿದ ಹಾರ ಸಂಜೆಗೆ ಬಾಡುತ್ತದೆ. ಆದರೆ ಹತ್ತು ಮಂದಿಯ ಮುಂದೆ ಕೊಟ್ಟ ಮಾತು ಎಳೆಯ ಮನಸ್ಸಿನಲ್ಲಿ ಬಹುಕಾಲ ನಿಲ್ಲುತ್ತದೆ. ಸಮಾಜ ಬಾಂಧವರು ಈ ವರ್ಷದ ಸಿದ್ಧತೆಗೆ ಕೂಡುವಾಗ ಈ ನಾಲ್ಕು ವಿಚಾರಗಳನ್ನು ಗಮನಕ್ಕೆ ತಂದುಕೊಳ್ಳಲಿ.