ಸೋತ ತಂಡದ ಉದ್ಧಾರ: ಗುರುವಿನಿಂದಲೋ, ಹಳಬರಿಂದಲೋ?

ಆಟದ ಕಣದಲ್ಲಿ ತಂಡವೊಂದು ಮೇಲಿಂದ ಮೇಲೆ ಸೋಲತೊಡಗಿದಾಗ ಎರಡು ಕೂಗುಗಳು ಏಳುವುದು ವಾಡಿಕೆ. ಶಿಕ್ಷಕರನ್ನು ಬದಲಿಸಿರೆಂಬುದು ಒಂದು. ನುರಿತ ಹಳಬರನ್ನು ಕರೆತನ್ನಿರೆಂಬುದು ಮತ್ತೊಂದು. ಇವುಗಳಲ್ಲಿ ಯಾವುದು ಫಲಕಾರಿಯೆಂಬ ಪ್ರಶ್ನೆಗೆ ರಗ್ಬಿ ಕ್ರೀಡೆಯ ಇತ್ತೀಚಿನ ಚರಿತ್ರೆಯಲ್ಲಿ ಸ್ಪಷ್ಟವಾದ ನಿದರ್ಶನಗಳಿವೆ. ಎಡ್ಡಿ ಜೋನ್ಸ್ ಎಂಬ ಶಿಕ್ಷಕರು ಎರಡು ದೇಶಗಳ ತಂಡಗಳಲ್ಲಿ ಕಂಡ ಏಳುಬೀಳು ವಿಶೇಷವಾಗಿ ವಿಚಾರಾರ್ಹವಾದುದು.

ರಗ್ಬಿಯಲ್ಲಿ ಪಕ್ಷವೊಂದಕ್ಕೆ ಹದಿನೈದು ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡಬಹುದು, ಒದೆಯಬಹುದು. ಕೈಯಿಂದ ಮುಂದಕ್ಕೆ ಎಸೆಯುವುದು ಮಾತ್ರ ನಿಷಿದ್ಧ. ಸ್ಕ್ರಮ್ ಎಂಬ ಘಟ್ಟದಲ್ಲಿ ಉಭಯ ಪಕ್ಷಗಳ ಎಂಟೆಂಟು ಮಂದಿ ತೋಳು ಬೆಸೆದು, ತಲೆ ತಗ್ಗಿಸಿ, ಎದುರಾಳಿಗಳನ್ನು ತಳ್ಳುವರು. ಇಲ್ಲಿ ಬರಿಯ ಮೈಬಲ ಸಾಲದು. ಮುಂಸಾಲಿನ ಆಟಗಾರನು ಮೂವತ್ತರ ಸಮೀಪಕ್ಕೆ ಬಂದಾಗ ಪಕ್ವಗೊಳ್ಳುವುದು ಸಾಮಾನ್ಯ. ಗರಡಿಯ ಕುಸ್ತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

2015ರ ವಿಶ್ವಕಪ್ ಪಂದ್ಯಾವಳಿ ಇಂಗ್ಲೆಂಡಿನಲ್ಲಿಯೇ ನಡೆದರೂ ಆತಿಥೇಯ ತಂಡವು ವೇಲ್ಸ್‌ಗೆ 25-28, ಆಸ್ಟ್ರೇಲಿಯಕ್ಕೆ 13-33 ಅಂಕಗಳಿಂದ ಸೋತು ಮೊದಲ ಸುತ್ತಿನಲ್ಲಿಯೇ ನಿರ್ಗಮಿಸಿತು. ಶಿಕ್ಷಕ ಸ್ಟುವರ್ಟ್ ಲ್ಯಾಂಕಾಸ್ಟರ್ ಪದತ್ಯಾಗ ಮಾಡಿದರು. ಆಸ್ಟ್ರೇಲಿಯದವರಾದ ಜೋನ್ಸ್ ಆ ಸ್ಥಾನಕ್ಕೆ ಬಂದರು. ಜನ ಸಮೂಲ ಪರಿವರ್ತನೆಯನ್ನು ನಿರೀಕ್ಷಿಸಿದ್ದರು. ಜೋನ್ಸರು ಸಹಾಯಕ ಶಿಕ್ಷಕರನ್ನು ಬದಲಿಸಿದರಾದರೂ ಆಟಗಾರರಲ್ಲಿ ಬಹುಪಾಲು ಹಳಬರನ್ನೇ ಉಳಿಸಿಕೊಂಡರು. ನಾಯಕತ್ವವನ್ನು ಕ್ರಿಸ್ ರಾಬ್‌ಷಾರಿಂದ ತೆಗೆದು ಡೈಲನ್ ಹಾರ್ಟ್‌ಲಿಗೆ ವಹಿಸಿದರು. ಆದರೆ ರಾಬ್‌ಷಾರನ್ನು ಹೊರಗಟ್ಟದೆ, ಅವರಿಗೆ ಒಪ್ಪುವ ಬೇರೊಂದು ಸ್ಥಾನದಲ್ಲಿ ಆಡಿಸಿದರು. 2016ರಲ್ಲಿ ಆರು ರಾಷ್ಟ್ರಗಳ ಪಂದ್ಯಾವಳಿಯ ಐದು ಪಂದ್ಯಗಳನ್ನೂ ಇಂಗ್ಲೆಂಡ್ ಗೆದ್ದಿತು. ಇಂತಹ ಪೂರ್ಣ ವಿಜಯ 2003ರ ತರುವಾಯ ಅದೇ ಮೊದಲು. ಕೆಲವೇ ತಿಂಗಳುಗಳಲ್ಲಿ ಆದ ಈ ಮಾರ್ಪಾಡು ಗುರುವಿನದೆನ್ನಬೇಕು. ಆದರೆ ತಿದ್ದುವುದಕ್ಕೆ ತಕ್ಕ ಆಟಗಾರರು ಅಲ್ಲಿ ಮೊದಲೇ ಇದ್ದರು.

ದಕ್ಷಿಣ ಆಫ್ರಿಕದಲ್ಲಿ ಎರಡು ಮದ್ದುಗಳೂ ಒಟ್ಟಿಗೆ ಪ್ರಯೋಗವಾದವು. 2017ರಲ್ಲಿ ನ್ಯೂಜಿಲೆಂಡಿಗೆ 0-57ರಿಂದ ಸೋತಿದ್ದ ತಂಡವನ್ನು 2018ರಲ್ಲಿ ರಾಸ್ಸಿ ಎರಾಸ್ಮಸ್ ಕೈಗೆತ್ತಿಕೊಂಡರು. ವಿದೇಶೀ ಕ್ಲಬ್ಬುಗಳಲ್ಲಿ ಆಡುತ್ತಿದ್ದ ಡುವಾನ್ ವರ್ಮುಲೆನ್ ಮೊದಲಾದವರನ್ನು ಮರಳಿ ಕರೆಸಿದರು. 2019ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅವರು ಸೋಲಿಸಿದ್ದು ಜೋನ್ಸರ ಇಂಗ್ಲೆಂಡನ್ನೇ, 32-12ರಿಂದ. ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ಮೂವತ್ತಮೂರರ ವರ್ಮುಲೆನ್‌ಗೆ ಸಂದಿತು.

ಇಂಗ್ಲೆಂಡಿನವರು 2022ರ ಡಿಸೆಂಬರಿನಲ್ಲಿ ಜೋನ್ಸರನ್ನು ಬಿಡುಗಡೆಗೊಳಿಸಿದರು. ಮರು ತಿಂಗಳೇ ತಾಯ್ನಾಡು ಅವರನ್ನು ಬರಮಾಡಿಕೊಂಡಿತು. ವಿಶ್ವಕಪ್ಪಿಗೆ ಉಳಿದಿದ್ದುದು ಎಂಟೇ ತಿಂಗಳು. ಈ ಸಲ ಜೋನ್ಸರು 125 ಅಂತರರಾಷ್ಟ್ರೀಯ ಪಂದ್ಯಗಳ ಮೈಕೆಲ್ ಹೂಪರ್‌ರನ್ನೂ ಅನುಭವಿ ಕ್ವೇಡ್ ಕೂಪರ್‌ರನ್ನೂ ಕೈಬಿಟ್ಟು ಎಳೆಯರನ್ನು ನೆಚ್ಚಿದರು. ಆಟದ ಸೂತ್ರ ಹಿಡಿಯಬೇಕಾದ ಫ್ಲೈ-ಹಾಫ್ ಸ್ಥಾನಕ್ಕೆ ಕಾರ್ಟರ್ ಗಾರ್ಡನ್ ಎಂಬ ಇಪ್ಪತ್ತೆರಡರ ತರುಣನೇ ಗತಿಯಾದನು. ನಾಯಕ ವಿಲ್ ಸ್ಕೆಲ್ಟನ್ ಗಾಯಗೊಂಡು ಹೊರಗುಳಿದಾಗ ಕಣದೊಳಗೆ ಧೈರ್ಯ ಹೇಳುವ ಹಿರಿಯರು ವಿರಳರಾದರು. ಫಿಜಿಗೆ 15-22, ವೇಲ್ಸ್‌ಗೆ 6-40ರಿಂದ ಸೋತ ಆಸ್ಟ್ರೇಲಿಯ, ವಿಶ್ವಕಪ್ಪಿನ ಚರಿತ್ರೆಯಲ್ಲಿ ಮೊದಲ ಬಾರಿಗೆ ಪ್ರಥಮ ಸುತ್ತನ್ನು ದಾಟಲಾರದೆ ಹೋಯಿತು. ಇಂಗ್ಲೆಂಡಿನಲ್ಲಿ ಗೆದ್ದ ಗುರುವೇ ಇಲ್ಲಿ ಸೋತುದಕ್ಕೆ ಅವರ ವಿದ್ಯೆ ಮಾಸಿದುದು ಕಾರಣವೆನ್ನುವುದಕ್ಕಿಂತ, ಆ ವಿದ್ಯೆಯನ್ನು ಹೊರುವ ಹೆಗಲುಗಳನ್ನು ಅವರೇ ದೂರ ಮಾಡಿದುದು ಕಾರಣವೆನ್ನುವುದು ಯುಕ್ತ.

ಆ ಎಳೆಯರು ಅಸಮರ್ಥರಾಗಿರಲಿಲ್ಲ. ಜೋ ಷ್ಮಿಟ್ ಶಿಕ್ಷಕರಾಗಿ ಬಂದ ಬಳಿಕ, 2024ರ ನವೆಂಬರಿನಲ್ಲಿ ಆಸ್ಟ್ರೇಲಿಯ ಇಂಗ್ಲೆಂಡನ್ನು ಅದರ ನೆಲದಲ್ಲಿಯೇ 42-37ರಿಂದ ಸೋಲಿಸಿತು. ಕಡೆಯ ಗಳಿಗೆಯಲ್ಲಿ ಗೆಲುವಿನ ಅಂಕ ತಂದ ಮ್ಯಾಕ್ಸ್ ಜಾರ್ಗನ್ಸನ್ 2023ರ ಆ ತಂಡದಲ್ಲಿದ್ದ ಬಾಲಕನೇ.